ಆರನೆಯ 'ಯಾಕೆ'

ಕಂಪನಿ ಕೊಟ್ಟ ಬೂದು ಬಣ್ಣದ ಟೀ ಶರ್ಟಿನೊಳಗೆ, ಕಾಕಾ ಅವರ ಎದೆಯ ಎಡಭಾಗದಲ್ಲಿ, ನಿಂಬೆಹಣ್ಣಿನಷ್ಟು ಒಂದು ಉಬ್ಬು ಕಾಣುತ್ತಿತ್ತು. ಹೊಸದಾಗಿ ಸೇರಿದವರು ಅದನ್ನು ಏನೋ ಗಂಟು ಎಂದುಕೊಳ್ಳುತ್ತಿದ್ದರು. ಅದು ಇಷ್ಟಲಿಂಗ. ತಿರುಗುವ ಮಷೀನಿನ ಹತ್ತಿರ ಕೊರಳಲ್ಲಿ ಏನೂ ತೂಗಬಾರದು ಎಂಬುದು ಕಂಪನಿಯ ನಿಯಮ. ಲಿಂಗ ಮೈಬಿಟ್ಟು ಇರಬಾರದು ಎಂಬುದು ಕಾಕಾ ಅವರ ನಿಯಮ. ಸೇಫ್ಟಿ ಸಾಹೇಬರು "ಲಾಕರಿನಲ್ಲಿ ಇಟ್ಟು ಬನ್ನಿ" ಎಂದಾಗ ಕಾಕಾ ವಾದ ಮಾಡಲಿಲ್ಲ. ಅವರ ಹೆಂಡತಿ, ನಮ್ಮ ಕಾಕಿ, ಆ ಟೀ ಶರ್ಟಿನ ಒಳಮಗ್ಗುಲಿಗೆ ಒಂದು ಕಿಸೆ ಹೊಲಿದುಕೊಟ್ಟರು. ಕಾಕಾ ಶಿವದಾರ ತೆಗೆದು, ಲಿಂಗವನ್ನು ಆ ಕಿಸೆಯಲ್ಲಿ ಇಟ್ಟು, ಗುಂಡಿ ಹಾಕಿಕೊಂಡು ಬಂದು ಸೇಫ್ಟಿ ಸಾಹೇಬರ ಎದುರಿಗೆ ಬಗ್ಗಿ ನಿಂತರು. ಏನೂ ತೂಗಲಿಲ್ಲ. ಇಬ್ಬರ ನಿಯಮವೂ ಉಳಿಯಿತು.

ಅವರು ನಮ್ಮ ಲೈನ್ ಇನ್‌ಚಾರ್ಜ್. ಬಸವಕಲ್ಯಾಣದ ಕಡೆಯವರು. ಮರಾಠಿ ಹುಡುಗರೂ ಅವರನ್ನು ಕಾಕಾ ಎಂದೇ ಕರೆಯುತ್ತಿದ್ದರು. ಕಂಪನಿ ಜರ್ಮನಿಯದು. ಮೊದಲ ಕಾರ್ಖಾನೆ ನಾಸಿಕದಲ್ಲಿತ್ತು, ಎರಡನೆಯದನ್ನು ಸಂಭಾಜಿನಗರದ ಹೊರಗೆ ವಾಳೂಜಿನಲ್ಲಿ ಕಟ್ಟಿದಾಗ ಕಾಕಾ ಅವರನ್ನು ಇಲ್ಲಿಗೆ ಕಳಿಸಿದ್ದರು. ನಾವು ಪಂಪಿನ ಅಲ್ಯುಮಿನಿಯಂ ಬಾಡಿ ಮಾಡುತ್ತಿದ್ದೆವು.

ನಾನು ಭಾಲ್ಕಿ ತಾಲೂಕಿನವನು. ಸಾಲೆಗೆ ತಡವಾಗಿ ಹೋದವನು. ಧಾಬಾದಲ್ಲಿ ಕೆಲಸ ಮಾಡುತ್ತ ಹತ್ತನೆಯ ಇಯತ್ತೆ ಪಾಸಾಗುವ ಹೊತ್ತಿಗೆ ಮೀಸೆ ದಪ್ಪಗೆ ಬೆಳೆದಿತ್ತು. ಆಮೇಲೆ ಐಟಿಐ. ಹೀಗಾಗಿ ಟ್ರೇನಿ ಎಂದು ಸೇರಿದಾಗ ಉಳಿದ ಟ್ರೇನಿಗಳಿಗಿಂತ ಹತ್ತು ವರ್ಷ ದೊಡ್ಡವನಿದ್ದೆ. ಮೊದಲ ದಿನ ಹೊಸ ಸೇಫ್ಟಿ ಶೂ ಕಚ್ಚಿ, ಗೇಟಿನ ಹತ್ತಿರ ಕೂತು ಅದನ್ನು ಕನ್ನಡದಲ್ಲಿ ಬಯ್ಯುತ್ತಿದ್ದೆ. ಹಿಂದಿನಿಂದ ದನಿ ಬಂತು.

"ಶೂಕ್ಕ ಕನ್ನಡ ತಿಳಿಯಂಗಿಲ್ಲಪ್ಪಾ. ಯಾವೂರು ನಿಂದು?"

ಹೇಳಿದೆ.

"ಎರಡು ಜೋಡು ಸಾಕ್ಸ್ ಹಾಕ್ಕೋ. ಎಂಟು ದಿನ ಕಚ್ತದ, ಆಮ್ಯಾಲ ಅದು ನಿನ್ನ ಮಾತು ಕೇಳ್ತದ."

ನಮ್ಮ ಲೈನಿನಲ್ಲಿ ಕನ್ನಡ ಗೊತ್ತಿದ್ದವರು ನಾವಿಬ್ಬರೇ. ಅಲ್ಲೇ ಹತ್ತಿರದ, ಕನ್ನಡ ಎಂಬ ಹೆಸರಿನ ಮರಾಠಿ ಊರಿನಿಂದ ಬರುವ ಒಬ್ಬ ಆಪರೇಟರ್ ಇದ್ದ, ಅವನಿಗೆ ಮರಾಠಿ ಬಿಟ್ಟು ಬೇರೆ ಬರುತ್ತಿರಲಿಲ್ಲ. ನಾವಿಬ್ಬರು ಮಾತಾಡುವಾಗ ಅವನು ನಡುವೆ ಬಂದು ನಿಂತು, "ನನ್ನ ಊರಿನ ಹೆಸರು ಇಟ್ಟುಕೊಂಡು ನನ್ನನ್ನೇ ಬಯ್ಯುತ್ತೀರಾ?" ಎಂದು ಮರಾಠಿಯಲ್ಲಿ ಜಗಳಕ್ಕೆ ಬರುತ್ತಿದ್ದ. ಕಾಕಾ ಅವನಿಗೆ ತಮ್ಮ ಡಬ್ಬಿಯಿಂದ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ ಕೊಟ್ಟು ಸುಮ್ಮನಾಗಿಸುತ್ತಿದ್ದರು.

ಆಗ ಜರ್ಮನಿಯಿಂದ ಬಂದಿದ್ದ ಸಾಹೇಬ ವಯಸ್ಸಿನಲ್ಲಿ ಕಾಕಾ ಅವರಿಗಿಂತ ಬಹಳ ಸಣ್ಣವನು. ಕ್ವಾಲಿಟಿಯೂ ಪ್ಲಾಂಟೂ ಎಲ್ಲ ಅವನ ಕೈಯಲ್ಲಿತ್ತು. ಒಳ್ಳೆಯ ಮನುಷ್ಯ ಎಂದು ಈಗ ಹೇಳಬಲ್ಲೆ, ಆಗ ನಮಗೆ ತಿಳಿಯುತ್ತಿರಲಿಲ್ಲ. ತನ್ನನ್ನು ಹೆಸರು ಹಿಡಿದು ಕರೆಯಿರಿ ಎಂದು ಎಲ್ಲರಿಗೂ ಹೇಳಿದ್ದ. ಯಾರೂ ಕರೆಯಲಿಲ್ಲ. ಕಾಕಾ ಅವರಿಗೆ ಬೇರೆಯಾಗಿ ಹೇಳಿದ. ಕಾಕಾ "ಎಸ್ ಸಾಹೇಬ್" ಎಂದರು.

ಕ್ಯಾಂಟೀನಿನಲ್ಲಿ ಅವನು ತಟ್ಟೆ ಹಿಡಿದು ನಮ್ಮ ಟೇಬಲ್ಲಿಗೇ ಬಂದು ಕೂರುತ್ತಿದ್ದ. ಅವನು ಕೂತ ಕೂಡಲೇ ನಾವು ಒಬ್ಬೊಬ್ಬರಾಗಿ ಎದ್ದುಬಿಡುತ್ತಿದ್ದೆವು. ಮೇಲಿನವರ ಸಮ ಕೂತು ತಿನ್ನುವುದು ಹೇಗೆ ಎಂದು. 'ಇವರಿಗೆ ನಾನು ಸೇರುವುದಿಲ್ಲ' ಎಂದು ಅವನು ತಿಳಿದುಕೊಂಡ. ಕೊನೆಗೆ ಟೇಬಲ್ಲಿನಲ್ಲಿ ಕಾಕಾ ಒಬ್ಬರೇ ಉಳಿಯುತ್ತಿದ್ದರು. ಅವರೂ ಪೂರ್ತಿ ಎದುರಾಗಿ ಕೂರುತ್ತಿರಲಿಲ್ಲ, ಸ್ವಲ್ಪ ಓರೆಯಾಗಿ, ಗೋಡೆಯ ಕಡೆ ಮುಖ ಮಾಡಿ ರೊಟ್ಟಿ ಮುರಿಯುತ್ತಿದ್ದರು. "ನೀವ್ಯಾಕ ಏಳಲಿಲ್ರಿ ಕಾಕಾ?" ಎಂದು ಒಮ್ಮೆ ಕೇಳಿದೆ.

"ಹಸದಾನ, ಒಬ್ಬನೇ ತಿನ್ಲತ್ತಾನ. ಅವರವ್ವ ಎಲ್ಲಿ ಕೂತು ಚಿಂತಿ ಮಾಡ್ಲತ್ತಾಳೋ" ಎಂದರು.

ಆ ಸಾಹೇಬನಿಗೆ ನಾವು ಇಟ್ಟ ಹೆಸರು 'ವೈ ಸಾಹೇಬ'. ಏನೇ ಕೆಟ್ಟರೂ ಅವನ ಬಾಯಲ್ಲಿ ಬರುವ ಮಾತು 'ವೈ?' ಲೈನಿನ ಪಕ್ಕದಲ್ಲಿ ಒಂದು ಬಿಳಿಯ ಬೋರ್ಡು ಇಡಿಸಿದ್ದ. ಅದರಲ್ಲಿ ಒಂದರ ಕೆಳಗೊಂದು ಐದು ಚೌಕಗಳಿದ್ದವು. ಒಂದು ತಪ್ಪಾದರೆ ಯಾಕೆ ಎಂದು ಕೇಳಬೇಕು, ಉತ್ತರ ಬರೆಯಬೇಕು, ಆ ಉತ್ತರಕ್ಕೆ ಮತ್ತೆ ಯಾಕೆ ಎಂದು ಕೇಳಬೇಕು. ಐದು ಸಲ ಕೇಳಿದರೆ ತಪ್ಪಿನ ಬೇರು ಸಿಗುತ್ತದೆ ಎಂದು ಅವನ ಲೆಕ್ಕ. ಕಂಪನಿಯ ಎಲ್ಲ ದೇಶಗಳಲ್ಲಿಯೂ ಅದೇ ಬೋರ್ಡು ಇದೆಯಂತೆ.

ನಮ್ಮ ಕಡೆ ಮೇಲಿನವರು "ಯಾಕೆ" ಎಂದರೆ ಅದು ಪ್ರಶ್ನೆಯಲ್ಲ, ಬೈಗುಳ. ಗೌಡರು ಯಾಕೋ ಎಂದರೂ ಮಾಸ್ತರು ಯಾಕೋ ಎಂದರೂ ಕಾರಣ ಹೇಳುವವನು ಎದುರುತ್ತರ ಕೊಡುವವನಾಗುತ್ತಾನೆ. ತಲೆ ತಗ್ಗಿಸಿ "ತಪ್ಪಾಯ್ತು, ಮುಂದೆ ಹಿಂಗ ಆಗಂಗಿಲ್ಲ" ಎಂದರೆ ಅಲ್ಲಿಗೆ ಮುಗಿಯುತ್ತದೆ. ಬೈಯುವವರಿಗೂ ಸಮಾಧಾನ. ನಮ್ಮ ಬೋರ್ಡು ಎರಡನೆಯ ಚೌಕ ದಾಟಿದ್ದು ಕಡಿಮೆ. ಎರಡನೆಯ 'ವೈ'ಗೆ ಯಾರಾದರೊಬ್ಬರು "ಗಲ್ತಿ ಹೋ ಗಯಿ ಸಾಬ್" ಎನ್ನುತ್ತಿದ್ದರು. ಸಾಹೇಬ 'ಆಪರೇಟರನ ತಪ್ಪು' ಎಂದು ಬರೆದು, ಖಾಲಿ ಚೌಕಗಳನ್ನು ನೋಡುತ್ತ ನಿಲ್ಲುತ್ತಿದ್ದ. ನಾವು ಕ್ಷಮೆ ಕೇಳಿ ಮುಗಿಸಿದೆವು ಎಂದುಕೊಂಡರೆ ಅವರ ಕಡೆ ಅದು ತಪ್ಪೊಪ್ಪಿಗೆ ಎಂದು ಕಂಪ್ಯೂಟರಿಗೆ ಹೋಗುತ್ತಿತ್ತು. ಇದು ನಮಗೆ ಗೊತ್ತಿರಲಿಲ್ಲ.

ನಾನು ಪರ್ಮನೆಂಟ್ ಆಗುವ ಮಾತು ನಡೆದಿದ್ದ ತಿಂಗಳಲ್ಲಿಯೇ ಗಿರಾಕಿ ಕಂಪನಿಯಿಂದ ಮಾಲು ವಾಪಸು ಬಂತು. ಪಂಪಿನ ಬಾಡಿಯ ತೂತು ಸಣ್ಣದಾಗಿತ್ತು. ನಾನು ಚೆಕ್ ಮಾಡಿ ಕಳಿಸಿದ ಮಾಲು ಅದು. ನನ್ನ ವಯಸ್ಸಿಗೆ ಅದೇ ಕೊನೆಯ ಅವಕಾಶ. ಆ ವರ್ಷ ಪರ್ಮನೆಂಟ್ ಆಗದಿದ್ದರೆ ಮಿತಿ ದಾಟುತ್ತಿತ್ತು, ಮತ್ತೆ ಧಾಬಾ. ಗಿರಾಕಿಯ ದೂರು ಟ್ರೇನಿಯ ಹೆಸರಿಗೆ ಬಂದರೆ ಅವನನ್ನು ಉಳಿಸಿಕೊಳ್ಳುವುದಿಲ್ಲ ಎಂಬುದೂ ಗೊತ್ತಿತ್ತು.

ಬೆಳಗಿನ ಪಾಳಿ. ಬೋರ್ಡಿನ ಮುಂದೆ ವೈ ಸಾಹೇಬ, ಪುಣೆ ಕಡೆಯ ಪ್ರೊಡಕ್ಷನ್ ಮ್ಯಾನೇಜರ್, ಕಾಕಾ, ನಾನು. ಹಿಂದೆ ಲೈನಿನ ಹುಡುಗರು.

ತೂತು ಸಣ್ಣದಿದ್ದ ಮಾಲು ಯಾಕೆ ಹೊರಗೆ ಹೋಯಿತು ಎಂದು ಸಾಹೇಬ ಕೇಳಿದ. ಗೇಜ್ ಒಳಗೆ ಹೋಯಿತು ಸಾಹೇಬ್, ಅದಕ್ಕೆ ಪಾಸ್ ಮಾಡಿದೆ ಎಂದೆ. ಗೇಜ್ ಎಂದರೆ ತೂತಿನ ಅಳತೆ ನೋಡುವ ಉಕ್ಕಿನ ಗೂಟ. ಅದು ಒಳಗೆ ಇಳಿದರೆ ತೂತು ಸರಿ ಇದೆ ಎಂದರ್ಥ. ಸಾಹೇಬ ಮೊದಲ ಚೌಕದಲ್ಲಿ ಬರೆದ. ಸಣ್ಣ ತೂತಿನೊಳಗೆ ಗೇಜ್ ಯಾಕೆ ಹೋಯಿತು ಎಂದ.

ಅದರ ಉತ್ತರ ನನಗೆ ಗೊತ್ತಿತ್ತು. ದಿನವೂ ತೂತಿಗೆ ತಿಕ್ಕಿ ತಿಕ್ಕಿ ಗೇಜ್ ಸವೆದು ಸಣ್ಣದಾಗಿತ್ತು. ವಾರಕ್ಕೊಮ್ಮೆ ಅದನ್ನು ಗೇಜ್ ರೂಮಿಗೆ ತಪಾಸಣೆಗೆ ಕಳಿಸಬೇಕು. ಕಳಿಸಿರಲಿಲ್ಲ. ಕಳಿಸಬೇಡ ಎಂದಿದ್ದವರು ಕಾಕಾ. ಅವರು ನನ್ನ ಪಕ್ಕದಲ್ಲಿಯೇ ನಿಂತಿದ್ದರು. ಎಲ್ಲರ ಮುಂದೆ ಅವರ ಹೆಸರು ಹೇಳುವುದು ನನ್ನಿಂದ ಆಗುವಂತಿರಲಿಲ್ಲ. ನಾನು ತಲೆ ತಗ್ಗಿಸಿ ಹೇಳಿದೆ: "ನನ್ನ ತಪ್ಪು ಸಾಹೇಬ್. ಮುಂದೆ ಹೀಗೆ ಆಗುವುದಿಲ್ಲ."

ಸಾಹೇಬ ಎರಡನೆಯ ಚೌಕದಲ್ಲಿ ಬರೆದ. ಪ್ರೊಡಕ್ಷನ್ ಮ್ಯಾನೇಜರ್ ಕೈಗಡಿಯಾರ ನೋಡಿಕೊಂಡು, "ಟ್ರೇನಿ ತಾನೆ, ಬದಲಾಯಿಸಿಬಿಡೋಣ" ಎಂದು ಮರಾಠಿಯಲ್ಲಿ ಕಾಕಾ ಅವರಿಗೆ ಹೇಳಿದರು. ಸಾಹೇಬ ಪೆನ್ನಿನ ಮುಚ್ಚಳ ಹಾಕಿದ.

ಕಾಕಾ ನನ್ನ ಕಡೆ ತಿರುಗಿದರು. ಅಷ್ಟು ಮಂದಿಯಲ್ಲಿ ಕನ್ನಡದಲ್ಲಿಯೇ ಕೇಳಿದರು.

"ಸುಳ್ಳ್ಯಾಕ ಹೇಳ್ತೀಲೇ?"

"ಸುಮ್ಕಿರ್ರಿ ಕಾಕಾ, ಮುಗೀತು" ಎಂದೆ.

"ಏನ್ ಮುಗೀತು? ನೀನೇ ಮುಗಿದಿ. ಸರಿ ಆ ಕಡಿ."

ಬೋರ್ಡಿನ ಹತ್ತಿರ ಹೋಗಿ ಎರಡನೆಯ ಚೌಕವನ್ನು ಅಂಗೈಯಿಂದ ಒರೆಸಿದರು. ಅಂಗೈ ಕಪ್ಪಾಯಿತು. "ಸಾಹೇಬ್, ಫಿರ್ ಸೇ ಪೂಛೋ" ಎಂದರು. ಆಮೇಲಿನ ಮಾತು ಅರ್ಧ ಹಿಂದಿ, ಅರ್ಧ ಕಾರ್ಖಾನೆಯ ಇಂಗ್ಲಿಷ್.

ಸಾಹೇಬ ಮತ್ತೆ ಕೇಳಿದ. ಗೇಜ್ ಸವೆದಿದೆ ಎಂದರು ಕಾಕಾ. ಸವೆದದ್ದು ಯಾಕೆ ಗೊತ್ತಾಗಲಿಲ್ಲ? ತಪಾಸಣೆಗೆ ಕಳಿಸಿಲ್ಲ. ಯಾಕೆ ಕಳಿಸಿಲ್ಲ? ನಾನೇ ಬೇಡ ಎಂದೆ, ಇವನು ಎರಡು ಸಲ ಕೇಳಿದ್ದ, ಎರಡು ಸಲವೂ ಬೇಡ ಎಂದೆ.

ಸಾಹೇಬ ಐದನೆಯ ಚೌಕಕ್ಕೆ ಪೆನ್ನು ತಂದ. ಯಾಕೆ ಬೇಡ ಎಂದಿರಿ?

ಕಾಕಾ ಹೇಳಿದರು: "ಇರುವುದು ಒಂದೇ ಗೇಜ್. ಅದು ತಪಾಸಣೆಗೆ ಹೋದರೆ ಲೈನ್ ನಿಲ್ಲುತ್ತದೆ. ಹಿಂದೆ ಹಾಗೆ ಒಮ್ಮೆ ನಿಂತಾಗ ಮೀಟಿಂಗಿನಲ್ಲಿ ನೀವು ನನ್ನನ್ನು 'ವೈ' ಎಂದಿರಿ. ಮ್ಯಾನೇಜರ್ ಸಾಹೇಬರೂ ನನ್ನ ಮುಖ ನೋಡಿದರು. ನಾನು 'ಮುಂದೆ ನಿಲ್ಲುವುದಿಲ್ಲ ಸಾಹೇಬ್' ಎಂದೆ. ಅದಕ್ಕೇ ನಿಲ್ಲಿಸಲಿಲ್ಲ. ತಪ್ಪು ನನ್ನದು."

ಸಾಹೇಬ ಬರೆಯಲಿಲ್ಲ. 'ನಾನು ಅವತ್ತು ತಿಳಿದುಕೊಳ್ಳಲು ಕೇಳಿದ್ದೆ' ಎಂದ. ಮತ್ತೆ ಅದನ್ನೇ ಹೇಳಿದ. ಇನ್ನೊಂದು ಗೇಜ್ ಬೇಕು ಎಂದು ಅವತ್ತೇ ಹೇಳಿದ್ದರೆ ಅವತ್ತೇ ತರಿಸುತ್ತಿದ್ದೆ, ಯಾಕೆ ಹೇಳಲಿಲ್ಲ?

ಕಾಕಾ ಬೋರ್ಡನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. "ಸಾಹೇಬ್, ಯೇ ಛಠಾ ಹೈ. ಬೋರ್ಡ್ ಮೇ ಜಗಾ ನಹೀ ಹೈ."

ಕನ್ನಡ ಊರಿನವನು ಮೊದಲು ನಕ್ಕ. ಆಮೇಲೆ ಎಲ್ಲರೂ ನಕ್ಕರು. ಇದು ಆರನೆಯದು, ಬೋರ್ಡಿನಲ್ಲಿ ಜಾಗವಿಲ್ಲ ಎಂದು ಯಾರೋ ಇಂಗ್ಲಿಷಿನಲ್ಲಿ ಹೇಳಿದ ಮೇಲೆ ಸಾಹೇಬನೂ ನಕ್ಕು ಕೈ ಚಾಚಿದ. ಕಾಕಾ ಕಪ್ಪಾದ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಕೈ ಕೊಟ್ಟರು. ಮ್ಯಾನೇಜರ್ ನಗಲಿಲ್ಲ. ಮೀಟಿಂಗಿನಲ್ಲಿ ಮುಖ ನೋಡಿದವರು ಎಂದು ಅವರ ಹೆಸರೂ ಆ ಬಿಳಿಯನ ಮುಂದೆ ಬಂದುಬಿಟ್ಟಿತ್ತು.

ಪಾಳಿ ಬಿಟ್ಟ ಮೇಲೆ ಗೇಟಿನ ಹೊರಗೆ ಚಹಾದ ಗಾಡಿಯ ಹತ್ತಿರ ನಾನು ಕಾಕಾ ಅವರ ಕಾಲಿಗೆ ಬಗ್ಗಿದೆ. ಅವರು ಹಿಂದೆ ಸರಿದರು.

"ಏ, ಶೂ ಹೊಲಸಾಗ್ಯಾವ, ಏಳು. ನನಗ ಮೊದಲ ಒಂದು ಹೇಳು. ನಂದು ತಪ್ಪು, ನಂದು ತಪ್ಪು ಅಂತ ಮುಂದ ಬೀಳ್ತಿ, ತಪ್ಪೇನು ಚಹಾದ ಬಿಲ್ಲೇನಲೇ, ನಾ ಕೊಡ್ತೀನಿ ನಾ ಕೊಡ್ತೀನಿ ಅನ್ಲಾಕ?"

"ನಿಮ್ಮ ಹೆಸರು ಹ್ಯಾಂಗ ಹೇಳ್ಲಿ ಕಾಕಾ?"

"ಬಾಯಿಲೆ ಹೇಳಬೇಕು. ಇಷ್ಟು ವಯಸ್ಸಾದ ಮ್ಯಾಲ ಸಾಲಿ ಕಲ್ತಿ, ಕಲ್ತು ಇದನ್ನೇ ಹೇಳಬೇಕಿತ್ತಂದ್ರ ಧಾಬಾದಾಗೇ ಹೇಳಬಹುದಿತ್ತು."

ಚಹಾದ ಹಣ ಅವರೇ ಕೊಟ್ಟರು.

ನಾನು ಪರ್ಮನೆಂಟ್ ಆದೆ. ಎರಡನೆಯ ಗೇಜ್ ಬಂತು. ವೈ ಸಾಹೇಬ ಕಾಕಾ ಅವರನ್ನು ಕ್ಯಾಬಿನ್ನಿಗೆ ಕರೆದು, ಈ ಹುಡುಗರನ್ನು ನಾನು ಹೇಗೆ ಕೇಳಬೇಕು ಎಂದು ಕೇಳಿದನಂತೆ. ನಿಂತವರನ್ನು ಕೇಳಬೇಡಿ ಸಾಹೇಬ್, ಕೂತವರನ್ನು ಕೇಳಿ, ಬೋರ್ಡು ಆಮೇಲೆ ಬರೆಯಿರಿ ಎಂದರಂತೆ ಕಾಕಾ. ಆಮೇಲೆ ಸಾಹೇಬ ಚಹಾದ ಹೊತ್ತಿಗೆ ಲೈನಿಗೆ ಬರತೊಡಗಿದ. ಕಪ್ಪು ಹಿಡಿದು ಹಲಗೆಯ ಮೇಲೆ ಕೂತು, ನಿನ್ನೆ ಏನಾಯಿತು ಎನ್ನುತ್ತಿದ್ದ. ಕಾಕಾ ಎಲ್ಲರಿಗಿಂತ ಮೊದಲು ಏನಾದರೊಂದು ಹೇಳುತ್ತಿದ್ದರು, ತಮ್ಮದೇ ಏನಾದರೂ ಎಡವಟ್ಟು. ಅದಾದ ಮೇಲೆ ಹುಡುಗರ ಬಾಯಿ ತಾನೇ ಬಿಡುತ್ತಿತ್ತು. ಐದು ಚೌಕ ತುಂಬತೊಡಗಿದವು. ನಾನು ಕಂಡಂತೆ ನಮ್ಮ ಕಾರ್ಖಾನೆಯ ಒಳ್ಳೆಯ ಕಾಲ ಅದು.

ಬಹಳ ದಿನ ನಡೆಯಲಿಲ್ಲ. ಸಾಹೇಬನ ಅವಧಿ ಮುಗಿಯಿತು. ತಲೆಗೆ ಫೇಟಾ ಸುತ್ತಿ, ಶಾಲು ಹೊದಿಸಿ ಕಳಿಸಿದರು. ಹೊಸದಾಗಿ ಬಂದ ಸಾಹೇಬ ಕ್ಯಾಂಟೀನಿಗೆ ಬರುವವನಲ್ಲ, ಲೈನಿನ ವಿಷಯ ಮ್ಯಾನೇಜರಿಂದಲೇ ಕೇಳುವವನು. ಆ ಮಳೆಗಾಲದಲ್ಲಿಯೇ ಕಾಕಾ ಅವರಿಗೆ ವರ್ಗವಾಯಿತು. ನಾಸಿಕದ ಕಾರ್ಖಾನೆಗೆ, ಪ್ಯಾಕಿಂಗ್ ವಿಭಾಗಕ್ಕೆ. ಇನ್‌ಚಾರ್ಜ್ ಎಂಬ ಹೆಸರಿತ್ತು, ಕೈಕೆಳಗೆ ಲೈನ್ ಇರಲಿಲ್ಲ. ರಟ್ಟಿನ ಡಬ್ಬಿಗಳಿದ್ದವು.

"ಶಾಬಾಸ್ ಅಂದಾಂವ ಹೋದ, ಕೇಳಿಸಿಕೊಂಡಾಂವ ಉಳದ" ಎಂದು ಕಾಕಾ ಮ್ಯಾನೇಜರ್ ಕ್ಯಾಬಿನ್ ಕಡೆ ನೋಡುತ್ತ ನನಗೆ ಹೇಳಿದರು. ಸಿಟ್ಟಿರಲಿಲ್ಲ. ರೈಲು ತಪ್ಪಿತು ಎಂದು ಹೇಳುವ ದನಿ.

ನಾನು ಮ್ಯಾನೇಜರ್ ಹತ್ತಿರ ಹೋಗಿ ಮಾತಾಡುತ್ತೇನೆ ಎಂದೆ.

"ಮಾತಾಡಿ ಏನ್ ಮಾಡ್ತಿ? ನನಗ ಬಿಟ್ಟು ನಿನಗ ಹಿಡೀತಾರ. ಹಂಗಾದ್ರ ನಾ ಹೇಳಿದ್ದು ಪೂರಾ ನುಕಸಾನ. ಸುಮ್ಕ ಕೆಲಸ ಮಾಡು."

ಸಂಭಾಜಿನಗರದಲ್ಲಿ ಅವರು ಸ್ವಂತ ಮನೆ ಕಟ್ಟಿಸಿದ್ದರು. ಹೆಚ್ಚು ಸಂಕಟವಾದದ್ದು ಕಾಕಿಗೆ. ಓಣಿಯಲ್ಲಿ ಬೀದರ, ಕಲಬುರಗಿ ಕಡೆಯ ಹೆಂಗಸರು ಸೋಮವಾರ ಸೇರಿ ವಚನ ಹಾಡುತ್ತಿದ್ದರು. ಆ ಬಳಗ ಕಟ್ಟಿದವರೇ ಕಾಕಿ. ಮನೆ ಬಾಡಿಗೆಗೆ ಕೊಟ್ಟು ನಾಸಿಕದ ಅಂಬಡದಲ್ಲಿ ಎರಡು ಖೋಲಿಯ ಮನೆ ಹಿಡಿದರು. ಅಲ್ಲಿ ನೆರೆಹೊರೆಯವರೆಲ್ಲ ಹೊಸಬರು. ಸಾಮಾನು ತುಂಬುವ ದಿನ ನಾನು ಟೆಂಪೋದ ಹತ್ತಿರವಿದ್ದೆ. ಕಾಕಿ ಒಂದು ಕೈಯಲ್ಲಿ ತುಳಸಿ ಕುಂಡ ಹಿಡಿದು, "ಇವರ ಮನಸಿಗಿ ಬಂದಿದ್ದೇ ಖರೆ. ನಮಗ ಕೇಳೋದೇ ಇಲ್ಲ" ಎನ್ನುತ್ತಿದ್ದರು. ಕಾಕಾ ಕೇಳಿಸದವರಂತೆ ಹಗ್ಗ ಬಿಗಿಯುತ್ತಿದ್ದರು. ಕಾಕಿಗೆ ಅವರು ಏನು ಹೇಳಿ ಒಪ್ಪಿಸಿದ್ದರೋ ನನಗೆ ಆಗ ಗೊತ್ತಾಗಲಿಲ್ಲ.

ವರ್ಷಕ್ಕೆ ಒಂದೆರಡು ಸಲ ಎಸ್‌ಟಿ ಬಸ್ಸಿನಲ್ಲಿ ನಾಸಿಕಕ್ಕೆ ಹೋಗುತ್ತಿದ್ದೆ. ಕಾಕಾ ಮಳೆಗಾಲದಲ್ಲಿ ಇಗತಪುರಿ ಕಡೆಯ ಮೋಡ ನೋಡುತ್ತ ಕೂರುತ್ತಿದ್ದರು, ಲೈನಿನ ಸುದ್ದಿ ಕೇಳುತ್ತಿದ್ದರು. ಕನ್ನಡ ಊರಿನವನಿಗೆ ಮಗಳಾದಳೆಂದಾಗ ಹಿಂಡಿ ಕಟ್ಟಿ ಕೊಟ್ಟರು. ನನ್ನನ್ನು ಲೈನ್ ಇನ್‌ಚಾರ್ಜ್ ಮಾಡಿದಾಗ ಅದನ್ನು ಹೇಳಲು ನನಗೆ ಮುಜುಗರವಾಯಿತು. ಅದು ಅವರ ಜಾಗ. ಅವರು ಕೇಳಿ, "ಹುಡುಗರು ನಿನ್ನ ಮುಂದ ಬಾಯಿ ಬಿಡ್ತಾರೇನು?" ಎಂದಷ್ಟೇ ಕೇಳಿದರು. ಬಿಡುತ್ತಾರೆ ಎಂದೆ. "ಹಂಗಿದ್ರ ಅಡ್ಡಿಯಿಲ್ಲ" ಎಂದು ತಟ್ಟೆಯಲ್ಲಿ ಇನ್ನೊಂದು ರೊಟ್ಟಿ ಹಾಕಿದರು.

ನಿವೃತ್ತಿಯಾದ ಮೇಲೆ ಸಂಭಾಜಿನಗರಕ್ಕೆ ಮರಳುವುದೆಂದು ಇತ್ತು. ಬಾಡಿಗೆದಾರರನ್ನು ಬಿಡಿಸುವ ಮಾತೂ ಆಗಿತ್ತು. ಅದಕ್ಕಿಂತ ಮೊದಲೇ, ಒಂದು ಬೆಳಿಗ್ಗೆ ಸ್ನಾನ ಮುಗಿಸಿ ಬಂದವರು ಎದೆ ಹಿಡಿದುಕೊಂಡು ಕೂತರು, ಏಳಲಿಲ್ಲ. ಸುದ್ದಿ ಬಂದಾಗ ನಾನು ಊರಿನಲ್ಲಿದ್ದೆ. ನಾಸಿಕ ಮುಟ್ಟುವ ಹೊತ್ತಿಗೆ ಮಣ್ಣು ಮಾಡಿ ಬಂದಿದ್ದರು.

ಕಾಕಿ ಗೋಡೆಗೆ ಒರಗಿ ಕೂತಿದ್ದರು. ಮಂದಿ ಒಬ್ಬೊಬ್ಬರಾಗಿ ಎದ್ದು ಹೋದ ಮೇಲೆ ನನ್ನನ್ನು ಹತ್ತಿರ ಕರೆದರು.

"ಒಂದು ಮಾತು ಹೇಳ್ತೀನಿ ತಮ್ಮಾ. ಅವರ ಮಣಕಾಲಿಗಿ ನಾಸಿಕದ ಹವಾ ಚಲೋ ಅಂತ ಬಂದೇವು. ಅವರೇ ಕೇಳಿ ವರ್ಗ ಮಾಡಿಸಿಕೊಂಡ್ರಲ್ಲ. ನಾ ಎಷ್ಟು ಅಂದೀನಿ ಅವರಿಗಿ. ನಿಮ್ಮ ಮಣಕಾಲಿನ ಸಲುವಾಗಿ ನನ್ನ ಮನಿ ಬಿಡಿಸಿದ್ರಿ, ನನ್ನ ಗೆಣತ್ಯಾರ್ನ ಬಿಡಿಸಿದ್ರಿ ಅಂತ, ದಿನಾ ಅಂದೀನಿ. ಒಂದಿನಾನೂ ತಿರುಗಿ ಮಾತಾಡ್ಲಿಲ್ಲ. ಈಗ ಅದೇ ಒಳಗ ಕೊರೀಲತ್ತದ."

ಹೇಳಬೇಕೋ ಬೇಡವೋ ಎಂದು ಯೋಚಿಸಿದೆ. ಅವರು ಬಚ್ಚಿಟ್ಟಿದ್ದನ್ನು ನಾನು ತೆಗೆಯುವುದು ಸರಿಯೇ ಎಂದು. ಆದರೆ ಕಾಕಿ ಮಾಡದ ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡು ಕೂತಿದ್ದರು. ಅದಕ್ಕೆ ಹೇಳಿದೆ. ಮಣಕಾಲಿನ ಮಾತು ಸುಳ್ಳು ಕಾಕಿ, ಅವರು ಕೇಳಿ ಬಂದಿದ್ದಲ್ಲ, ನನ್ನ ನೌಕರಿ ಉಳಿಸಿದ್ದಕ್ಕೆ ಅವರನ್ನು ಇಲ್ಲಿಗೆ ಹಾಕಿದ್ದು ಎಂದೆ. ಗೇಜ್, ಬೋರ್ಡು, ಸಾಹೇಬ, ಮ್ಯಾನೇಜರ್, ಎಲ್ಲ ಹೇಳಿದೆ.

ಎಲ್ಲ ಕೇಳಿದ ಮೇಲೆ ಕಾಕಿ ಸೆರಗಿನಿಂದ ಮುಖ ಒರೆಸಿಕೊಂಡರು.

"ಏನಂದ್ರು ಅವರು? ತಪ್ಪು ನಂದು ಅಂದ್ರೇನು?"

"ಹೌದ್ರಿ ಕಾಕಿ."

"ಮನ್ಯಾಗ ಇಷ್ಟು ವರ್ಷದಾಗ ಒಂದಿನ ನಂದು ತಪ್ಪಾಯ್ತು ಅಂದಾವರಲ್ಲ ಆ ಮನಷ್ಯಾ. ಸಾರಿಗಿ ಉಪ್ಪು ತಾವೇ ಎರಡು ಸಲ ಹಾಕಿದ್ರೂ ಒಪ್ಪಿಕೊಂಡಾವರಲ್ಲ. ಹೋಗಿ ಹೋಗಿ ಆ ಬಿಳಿ ಸಾಹೇಬನ ಮುಂದ, ಅಷ್ಟು ಮಂದ್ಯಾಗ ನಿಂತು ಅಂದ್ರೇನು?"

"ಅಂದ್ರು."

ಅವರ ಮುಖದಲ್ಲಿ ನಗೆ ಬಂತೋ ಅಳು ಬಂತೋ ನನಗೆ ಗೊತ್ತಾಗಲಿಲ್ಲ. ಗೋಡೆ ಬಿಟ್ಟು ಸ್ವಲ್ಪ ಮುಂದೆ ಸರಿದು ಕೂತರು.

"ಹ್ಯಾಂಗ ಅಂದ್ರು, ಇನ್ನೊಮ್ಮಿ ಹೇಳು. ಸಾವಕಾಶ ಹೇಳು."

ನಾನು ಮೊದಲಿನಿಂದ ಹೇಳಿದೆ.